ಬಟ್ಟೆ ಮೂಟೆಗೆ ಆರು ತಿಂಗಳ ಗಡುವು, ಅಜ್ಜಿಯ ಅರ್ಜಿಗೆ?

ಸಂಸತ್ ಅಧಿವೇಶನ ಶುರುವಾದರೆ ಸಾಕು, ಎರಡು ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಒಂದು ಗ್ರಾಮೀಣಾಭಿವೃದ್ಧಿ ಸಚಿವಾಲಯಕ್ಕೆ: ವೃದ್ಧಾಪ್ಯ ವೇತನ ಯಾವಾಗ ಹೆಚ್ಚಿಸ್ತೀರಿ? ಇನ್ನೊಂದು ಹಣಕಾಸು ಸಚಿವಾಲಯಕ್ಕೆ: ಹೊರದೇಶದಿಂದ ಅಕ್ರಮವಾಗಿ ಬಂದ ಸರಕು ಎಷ್ಟು ಹಿಡಿದಿದ್ದೀರಿ? ಈ ಎರಡನೇ ಪಟ್ಟಿಯಲ್ಲಿ ಚಿನ್ನ ಮೊದಲು, ಸಿಗರೇಟು ಆಮೇಲೆ, ಕೆಳಗೆಲ್ಲೋ ಬಟ್ಟೆ. ಟಿ.ವಿ. ಚಾನೆಲ್‌ಗಳಿಗೆ ಎರಡೂ ಸುದ್ದಿಯಲ್ಲ. ಆದರೆ ಮಂಗಳೂರಿನಿಂದ ಕಾಸರಗೋಡಿನವರೆಗೆ ಬ್ಯಾರಿ ಕುಟುಂಬಗಳನ್ನು ನೋಡಿದರೆ ಈ ಎರಡು ಉತ್ತರಗಳು ಒಂದೇ ಮನೆಯ ಎರಡು ಕೋಣೆಗೆ ಸಂಬಂಧಪಟ್ಟವು. ಒಳಗಿನ ಕೋಣೆಯಲ್ಲಿ ಬೀಡಿ ಕಟ್ಟಿ ಬೆರಳು ಸವೆದ ಉಮ್ಮ. ಹೊರಗಿನ ಕೋಣೆಯಲ್ಲಿ ಬುರ್ಖಾ ಬಟ್ಟೆಯ ಅಂಗಡಿ ಇಟ್ಟ ಮಗ, ಅಥವಾ ದುಬೈನಿಂದ ರಜೆಗೆ ಬರುವಾಗ ನಾಲ್ಕು ಪೀಸು ಹೆಚ್ಚಿಗೆ ತರುವ ಅಳಿಯ.

ಎರಡೂ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಹಿಡಿದ ಬಟ್ಟೆಯ ಬಗ್ಗೆ ಸರ್ಕಾರ ವರ್ಷವಾರು ಲೆಕ್ಕ ಕೊಡುತ್ತದೆ. ವಯಸ್ಸಾದವರ ಬಗ್ಗೆ ಕೇಳಿದರೆ ಕಾರ್ಯವಿಧಾನ ಹೇಳುತ್ತದೆ.

ಉತ್ತರ ಹೇಗೆ ತಯಾರಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ 20, ಚುಕ್ಕೆ ರಹಿತ ಪ್ರಶ್ನೆ 230. ಮೊದಲನೆಯದಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆ ಕೇಳಬಹುದು. ಒಂದು ಗಂಟೆಯ ಪ್ರಶ್ನೋತ್ತರ ಅವಧಿಯಲ್ಲಿ ಆ 20ರಲ್ಲಿ ಕೆಲವಷ್ಟೇ ಸರದಿಗೆ ಬರುತ್ತವೆ, ಗದ್ದಲ ಎದ್ದರೆ ಅದೂ ಇಲ್ಲ. ಚುಕ್ಕೆ ಇಲ್ಲದವಕ್ಕೆ ಲಿಖಿತ ಉತ್ತರ, ಅಷ್ಟೇ. ಪಿಂಚಣಿ ಪ್ರಶ್ನೆ ಈ ಎರಡನೇ ರಾಶಿಗೆ ಬಿತ್ತೆಂದರೆ ಅದಕ್ಕೆ ಮರುಪ್ರಶ್ನೆ ಇಲ್ಲ.

ಸದಸ್ಯರು ಪ್ರಶ್ನೆಯನ್ನು ನಾಲ್ಕು ಭಾಗ ಮಾಡಿ ಕೇಳುತ್ತಾರೆ. ಎಷ್ಟು ಜನರಿಗೆ ಸಿಗುತ್ತಿದೆ? ಎಷ್ಟು ಅರ್ಜಿ ಬಾಕಿ? ಮೊತ್ತ ಹೆಚ್ಚಿಸುವ ಯೋಚನೆ ಇದೆಯೇ? ಇಲ್ಲದಿದ್ದರೆ ಯಾಕಿಲ್ಲ? ಸಚಿವಾಲಯ ನಾಲ್ಕನ್ನೂ ಸೇರಿಸಿ ಒಂದೇ ಪ್ಯಾರಾ ಬರೆಯುತ್ತದೆ. ಯೋಜನೆಯ ಹೆಸರು, ಅರ್ಹತೆ, ಫಲಾನುಭವಿಗಳ ಮಿತಿ, ಆಯ್ಕೆಯ ಹೊಣೆ ರಾಜ್ಯಗಳದ್ದು ಎಂಬ ಮಾತು, ಕೊನೆಗೆ ಮೊತ್ತ ಹೆಚ್ಚಿಸುವ ಪ್ರಸ್ತಾವ ಸದ್ಯಕ್ಕಿಲ್ಲ ಎಂಬ ಸಾಲು. ನಾಲ್ಕನೇ ಭಾಗದ "ಯಾಕಿಲ್ಲ" ಎಂಬುದು ಎಲ್ಲಿ ಕಳೆದುಹೋಯಿತು ಅಂತ ಹುಡುಕಿದರೂ ಸಿಗುವುದಿಲ್ಲ.

ಕಸ್ಟಮ್ಸ್ ಉತ್ತರ ಹಾಗಲ್ಲ. ಅದಕ್ಕೆ ಅನುಬಂಧ ಇರುತ್ತದೆ. ಯಾವ ವರ್ಷ ಎಷ್ಟು ಪ್ರಕರಣ, ಎಷ್ಟು ಕೋಟಿ ಮೌಲ್ಯ, ಎಷ್ಟು ಬಂಧನ. ಸಾಲು, ಕಾಲಂ, ಕೂಡಿದ ಮೊತ್ತ.

ಎಮರಾಲ್ಡ್‌ನಿಂದ ನೋಡಿದರೆ

ಪಿಂಚಣಿ ಉತ್ತರದ ಭಾರ ನೆಲದ ಮೇಲೆ ಎಷ್ಟು ಅಂತ ತಿಳಿಯಲು ನೀಲಗಿರಿಯ ಎಮರಾಲ್ಡ್ ಒಳ್ಳೆಯ ಜಾಗ. ಊಟಿಗೆ ಟೂರ್ ಹೋದವರಲ್ಲಿ ಕೆಲವರು ಅಲ್ಲಿನ ಕೆರೆಯನ್ನು ನೋಡಿ ಬಂದಿರುತ್ತಾರೆ. ಊಟಿಯಿಂದ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್. ಆ ಕೆರೆ ನಿಜವಾಗಿ ಅಣೆಕಟ್ಟಿನ ನೀರು. ಕೆನಡಾ ದೇಶದ ನೆರವಿನಲ್ಲಿ ಕಟ್ಟಿದ ಕುಂದಾ ಜಲವಿದ್ಯುತ್ ಯೋಜನೆಯ ಭಾಗ. ಸುತ್ತ ಚಹಾ ತೋಟ, ಕ್ಯಾರೆಟ್, ಆಲೂಗಡ್ಡೆ, ಬೀಟ್‌ರೂಟ್ ಹೊಲ. ಬಡಗರ ಹಟ್ಟಿಗಳಲ್ಲಿ ಕನ್ನಡಕ್ಕೆ ತೀರ ಹತ್ತಿರದ ಮಾತು ಕೇಳುತ್ತದೆ. ತೋಟದ ಲೈನ್ ಮನೆಗಳ ಕಡೆ ಹೋದರೆ ತಮಿಳು.

ಆ ಲೈನ್ ಮನೆಗಳ ಹಿರಿಯರಲ್ಲಿ ಹಲವರ ಕಥೆ ಸಿಲೋನಿನಿಂದ ಶುರುವಾಗುತ್ತದೆ. 1964ರ ಅಕ್ಟೋಬರ್ 30ರಂದು ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ ಅಲ್ಲಿನ ಭಾರತ ಮೂಲದ ಐದೂಕಾಲು ಲಕ್ಷ ತೋಟ ಕಾರ್ಮಿಕರನ್ನು ಭಾರತ ವಾಪಸ್ ಕರೆಸಿಕೊಳ್ಳಬೇಕಾಯಿತು. ಅವರಿಗೆ ಕೆಲಸ ಕೊಡಲೆಂದೇ ತಮಿಳುನಾಡು ಸರ್ಕಾರ 1968ರಲ್ಲಿ ನೀಲಗಿರಿಯಲ್ಲಿ ಚಹಾ ತೋಟ ಶುರು ಮಾಡಿತು. ಅದೇ ಮುಂದೆ ಟ್ಯಾನ್‌ಟೀ ನಿಗಮ ಆಯಿತು. 1970ರಲ್ಲಿ ಇಪ್ಪತ್ತರ ವಯಸ್ಸಿನಲ್ಲಿ ಹಡಗು ಇಳಿದ ಹುಡುಗಿಗೆ ಇವತ್ತು 75 ದಾಟಿದೆ. ತೋಟದ ಕಾಯಂ ಕೆಲಸ ಸಿಕ್ಕವರಿಗೆ ಪಿ.ಎಫ್., ಗ್ರಾಚ್ಯುಟಿ ಅಂತ ಏನೋ ಒಂದಷ್ಟು ಬಂದೀತು. ತರಕಾರಿ ಹೊಲದಲ್ಲಿ ದಿನಗೂಲಿಗೆ ಕ್ಯಾರೆಟ್ ಕಿತ್ತವರಿಗೆ, ತೊಳೆದು ಮೂಟೆ ಕಟ್ಟಿದವರಿಗೆ ಅದೂ ಇಲ್ಲ. ಅವರ ಪಾಲಿಗೆ ಉಳಿದಿದ್ದು ವೃದ್ಧಾಪ್ಯ ವೇತನ ಒಂದೇ.

ತಮಿಳುನಾಡಿನಲ್ಲಿ ಆ ವೇತನ 1,200 ರೂಪಾಯಿ. 2011ರಲ್ಲಿ 1,000 ಆಗಿದ್ದು ಹನ್ನೆರಡು ವರ್ಷ ಅಲ್ಲೇ ನಿಂತಿತ್ತು. 2023ರ ಆಗಸ್ಟ್‌ನಿಂದ 200 ಏರಿತು. ದಿನಕ್ಕೆ ಲೆಕ್ಕ ಹಾಕಿದರೆ 40 ರೂಪಾಯಿ. ಇದರಲ್ಲಿ 60ರಿಂದ 79 ವಯಸ್ಸಿನವರಿಗೆ ಕೇಂದ್ರದ ಪಾಲು ತಿಂಗಳಿಗೆ 200, ಅಂದರೆ ದಿನಕ್ಕೆ ಆರೂಮುಕ್ಕಾಲು ರೂಪಾಯಿಗೂ ಕಡಿಮೆ. ಎಮರಾಲ್ಡ್‌ನ ಚಳಿಗೆ ಒಂದು ಲೋಟ ಚಹಾ ಕುಡಿಯಲೂ ಆ ಪಾಲು ಸಾಲದು. ಚಹಾ ಬೆಳೆಯುವ ಊರಲ್ಲೇ.

ನೀಲಗಿರಿ ಮೂರು ರಾಜ್ಯ ಕೂಡುವ ಜಾಗ. ಮಸಿನಗುಡಿ ದಾಟಿದರೆ ಕರ್ನಾಟಕದ ಗುಂಡ್ಲುಪೇಟೆ, ಗೂಡಲೂರಿನಿಂದ ಇಳಿದರೆ ಕೇರಳದ ನಿಲಂಬೂರು, ಇನ್ನೊಂದು ದಾರಿಯಲ್ಲಿ ವಯನಾಡ್. ಒಂದೇ ಬೆಟ್ಟ, ಒಂದೇ ಚಳಿ. ಕರ್ನಾಟಕದ ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ 2021ರಿಂದ 1,200. ಕೇರಳದಲ್ಲಿ ಕ್ಷೇಮ ಪಿಂಚಣಿ 1,600 ಇದ್ದದ್ದು 2025ರ ನವೆಂಬರ್‌ನಿಂದ 2,000. ಆಂಧ್ರದವರು 2024ರ ಜುಲೈನಿಂದ 4,000 ಕೊಡುತ್ತಿದ್ದಾರೆ. ರಾಜ್ಯ ಯಾವುದೇ ಇರಲಿ, ಒಳಗೆ ಬಂದು ಕೂತಿರುವ ಕೇಂದ್ರದ 200 ಮಾತ್ರ ಎಲ್ಲ ಕಡೆಯೂ ಅದೇ. ಕಾಸರಗೋಡಿನ ಬ್ಯಾರಿ ಅಜ್ಜಿಗೂ ತಲಪಾಡಿಯಿಂದ ಈಚೆ ಇರುವ ಅವರ ತಂಗಿಗೂ ತಿಂಗಳಿಗೆ 800 ರೂಪಾಯಿ ವ್ಯತ್ಯಾಸ ಬರುತ್ತಿರುವುದು ದಿಲ್ಲಿಯಿಂದಲ್ಲ, ತಿರುವನಂತಪುರ ಮತ್ತು ಬೆಂಗಳೂರಿನಿಂದ.

ಆ 200ರ ಇತಿಹಾಸ

ಕೇಂದ್ರದ ವೃದ್ಧಾಪ್ಯ ವೇತನ 1995ರ ಆಗಸ್ಟ್ 15ರಂದು ಶುರುವಾಯಿತು, ತಿಂಗಳಿಗೆ 75 ರೂಪಾಯಿ. 2006ರಲ್ಲಿ ಅದು 200 ಆಯಿತು. 2007ರಲ್ಲಿ ಇಂದಿರಾ ಗಾಂಧಿ ಹೆಸರು ಬಂತು. 2011ರಲ್ಲಿ ವಯಸ್ಸನ್ನು 65ರಿಂದ 60ಕ್ಕೆ ಇಳಿಸಿ, 80 ದಾಟಿದವರಿಗೆ 500 ಮಾಡಿದರು. ಅಲ್ಲಿಗೆ ಮುಗಿಯಿತು. ಆಮೇಲೆ ಸರ್ಕಾರ ಬದಲಾಯಿತು, ನೋಟು ಬದಲಾಯಿತು, ತೆರಿಗೆ ಪದ್ಧತಿಯೇ ಬದಲಾಯಿತು, 200 ಬದಲಾಗಲಿಲ್ಲ.

2012ನ್ನು 100 ಅಂತ ಹಿಡಿದ ಗ್ರಾಹಕ ಬೆಲೆ ಸೂಚ್ಯಂಕ 2025ರ ದ್ವಿತೀಯಾರ್ಧಕ್ಕೆ 195 ದಾಟಿತ್ತು. ಅಂದರೆ 2012ರ 200 ರೂಪಾಯಿಯ ಬೆಲೆ ಉಳಿಯಬೇಕಿದ್ದರೆ ಕೇಂದ್ರ ಈಗ 390ರಷ್ಟಾದರೂ ಕೊಡಬೇಕು. ಕೊಡುತ್ತಿರುವುದು 200. ಹಾಗಾಗಿ "ಮೊತ್ತದಲ್ಲಿ ಬದಲಾವಣೆ ಇಲ್ಲ" ಎನ್ನುವ ಉತ್ತರ ಪೂರ್ತಿ ಸತ್ಯವಲ್ಲ. ಬದಲಾವಣೆ ಆಗಿದೆ, ಅರ್ಧಕ್ಕೆ ಇಳಿದಿದೆ.

ಬೆಲೆ ಏರಿಕೆಗೆ ತಕ್ಕಂತೆ ಹೆಚ್ಚಿಸುವ ಪದ್ಧತಿ ಸರ್ಕಾರಕ್ಕೆ ಗೊತ್ತಿಲ್ಲ ಅಂತಲ್ಲ. ಸಂಸದರ ವೇತನವನ್ನು ಹಣದುಬ್ಬರ ಸೂಚ್ಯಂಕಕ್ಕೆ ಜೋಡಿಸಿ ಐದು ವರ್ಷಕ್ಕೊಮ್ಮೆ ತಾನಾಗಿಯೇ ಏರುವಂತೆ 2018ರಲ್ಲೇ ಕಾನೂನು ಮಾಡಿಕೊಂಡಿದ್ದಾರೆ. ಅದರಂತೆ 2025ರ ಮಾರ್ಚ್‌ನಲ್ಲಿ ಆದೇಶ ಬಂತು: ವೇತನ 1 ಲಕ್ಷದಿಂದ 1.24 ಲಕ್ಷಕ್ಕೆ, ಮಾಜಿ ಸಂಸದರ ಪಿಂಚಣಿ 25,000ದಿಂದ 31,000ಕ್ಕೆ. ಅದೂ 2023ರ ಏಪ್ರಿಲ್‌ನಿಂದ ಪೂರ್ವಾನ್ವಯ. ಸಂಸದರಿಗೆ ಕೊಡಬಾರದು ಅಂತ ವಾದವಲ್ಲ. ಅದೇ ಸೂಚ್ಯಂಕವನ್ನು ಇನ್ನೊಂದು ಪಿಂಚಣಿಗೆ ಯಾಕೆ ಹಾಕಬಾರದು ಅಂತ ಒಬ್ಬ ಸದಸ್ಯ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಿದರೆ ಉತ್ತರ ಬರೆಯುವ ಅಧಿಕಾರಿಗೆ ಕಷ್ಟವಾದೀತು.

ಮೊತ್ತದಷ್ಟೇ ದೊಡ್ಡ ಸಮಸ್ಯೆ ಮಿತಿಯದ್ದು. ಕೇಂದ್ರ ವೃದ್ಧಾಪ್ಯ ವೇತನಕ್ಕೆ ದೇಶದಲ್ಲಿ 2.21 ಕೋಟಿ ಜನ ಅಂತ ಮಿತಿ ಹಾಕಿದೆ. ವಿಧವೆಯರು, ಅಂಗವಿಕಲರು ಎಲ್ಲ ಸೇರಿ 3.09 ಕೋಟಿ. 2011ರ ಜನಗಣತಿಯಲ್ಲೇ 60 ದಾಟಿದವರು 10.38 ಕೋಟಿ ಇದ್ದರು. ಐವರಲ್ಲಿ ಒಬ್ಬರಿಗೆ ಮಾತ್ರ ಜಾಗ. ಅದೂ 2001ರ ಜನಸಂಖ್ಯೆಯ ಮೇಲೆ ಮಾಡಿದ ಲೆಕ್ಕ. ಮಿತಿ ತುಂಬಿದ ಮೇಲೆ ಬರುವವರನ್ನು ರಾಜ್ಯ ತನ್ನ ಖರ್ಚಿನಲ್ಲಿ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಇರುವವರು ಸಾಯುವ ತನಕ ಕಾಯಬೇಕು. ಬಜೆಟ್‌ನಲ್ಲಿ ಇಡೀ ಕಾರ್ಯಕ್ರಮಕ್ಕೆ 2024-25ರಲ್ಲಿ 9,652 ಕೋಟಿ, 2025-26ರಲ್ಲೂ 9,652 ಕೋಟಿ. ಒಂದು ರೂಪಾಯಿ ಆಚೀಚೆ ಇಲ್ಲ. ಸಂಸತ್ತಿನದೇ ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿ ಈ ಮೊತ್ತ ತೀರಾ ಕಡಿಮೆ, ಹೆಚ್ಚಿಸಿ ಅಂತ ಮತ್ತೆ ಮತ್ತೆ ಹೇಳಿದೆ. ಸಮಿತಿಯ ಶಿಫಾರಸು ಕಡ್ಡಾಯವಲ್ಲ ಎಂಬುದು ಸಮಿತಿಗೂ ಗೊತ್ತು, ಸಚಿವಾಲಯಕ್ಕೂ ಗೊತ್ತು.

ಹಿಡಿದ ಬಟ್ಟೆಯ ಕಾನೂನು

ಈಗ ಇನ್ನೊಂದು ಉತ್ತರಕ್ಕೆ ಬರೋಣ. ಬಟ್ಟೆ ಯಾಕೆ ಹಿಡಿಯುತ್ತಾರೆ? ಮುಖ್ಯವಾಗಿ ಮೂರು ಕಾರಣಕ್ಕೆ.

ಮೊದಲನೆಯದು ಹಳೆ ಬಟ್ಟೆ. ಬಳಸಿದ ಉಡುಪನ್ನು ಲೈಸೆನ್ಸ್ ಇಲ್ಲದೆ ತರಿಸುವಂತಿಲ್ಲ. ಮತ್ತೆ ಧರಿಸಲಾಗದಂತೆ ಕತ್ತರಿಸಿದ ಚಿಂದಿಗೆ ಮಾತ್ರ ಅಡ್ಡಿ ಇಲ್ಲ. ಪಾಣಿಪತ್‌ನ ಕಾರ್ಖಾನೆಗಳು ಅಂಥ ಉಣ್ಣೆ ಚಿಂದಿಯಿಂದ ನೂಲು ತೆಗೆದು ಕಂಬಳಿ ನೇಯುತ್ತವೆ. ಚಿಂದಿ ಅಂತ ಬರೆದು ಒಳ್ಳೆಯ ಸ್ವೆಟರ್, ಜಾಕೆಟ್ ತುಂಬಿ ತರಿಸಿದರೆ ಜಪ್ತಿ. ಗುಡ್ಡಗಾಡು ಊರುಗಳ ಸಂತೆಯಲ್ಲಿ ರಾಶಿ ಹಾಕಿ ಮಾರುವ ಹಳೆ ಉಣ್ಣೆ ಬಟ್ಟೆಗೆ ಗಿರಾಕಿ ಯಾರು ಅಂತ ಕೇಳಬೇಕಿಲ್ಲ. ಹೊಸ ಸ್ವೆಟರ್ ಕೊಳ್ಳಲು ಕೇಂದ್ರದ ಪಾಲನ್ನು ಎರಡು ಮೂರು ತಿಂಗಳು ಕೂಡಿಡಬೇಕಾದವರು.

ಎರಡನೆಯದು ಬೆಲೆ ಕಡಿಮೆ ತೋರಿಸುವುದು. ಸಿಂಥೆಟಿಕ್ ಹೆಣಿಗೆ ಬಟ್ಟೆ ಚೀನಾದಿಂದ ತೀರ ಅಗ್ಗದ ಬೆಲೆಗೆ ಬರುತ್ತಿದೆ ಎಂಬ ದೂರಿನ ಮೇಲೆ 2024ರ ಮಾರ್ಚ್‌ನಲ್ಲಿ ಕೆಲವು ಬಗೆಗಳಿಗೆ ಕಿಲೋಗೆ 3.5 ಡಾಲರ್ ಕನಿಷ್ಠ ಆಮದು ಬೆಲೆ ಹಾಕಿದರು. 2025ರ ಬಜೆಟ್‌ನಲ್ಲಿ ಒಂಬತ್ತು ಬಗೆಯ ಹೆಣಿಗೆ ಬಟ್ಟೆಯ ಸುಂಕ 20 ಶೇಕಡಾ ಅಥವಾ ಕಿಲೋಗೆ 115 ರೂಪಾಯಿ, ಯಾವುದು ಹೆಚ್ಚೋ ಅದು ಅಂತಾಯಿತು. ಅದಕ್ಕೂ ಮೊದಲು 2018ರಲ್ಲಿ 328 ಜವಳಿ ಉತ್ಪನ್ನಗಳ ಸುಂಕ ದುಪ್ಪಟ್ಟಾಗಿ 20 ಶೇಕಡಾಕ್ಕೆ ಏರಿತ್ತು. ಸುಂಕ ಏರಿದಷ್ಟೂ ಬಿಲ್ಲಿನಲ್ಲಿ ಆಟ ಆಡುವ ಆಸೆ ಏರುತ್ತದೆ. ವ್ಯಾಪಾರ ಗೊತ್ತಿರುವವರಿಗೆ ಇದು ಹೊಸ ಮಾತಲ್ಲ.

ಮೂರನೆಯದು ದಾರಿ. 2025ರ ಮೇ 17ರಂದು ಬಾಂಗ್ಲಾದೇಶದ ಸಿದ್ಧ ಉಡುಪು ಭೂಗಡಿಯ ಮೂಲಕ ಬರಕೂಡದು, ನ್ಹಾವಾ ಶೇವಾ ಮತ್ತು ಕೋಲ್ಕತ್ತಾ ಬಂದರಿನಿಂದ ಮಾತ್ರ ಬರಬೇಕು ಅಂತ ಆದೇಶವಾಯಿತು. ಲಾರಿಯಲ್ಲಿ ಬೇಗ ಮುಟ್ಟುತ್ತಿದ್ದ ಟೀ ಶರ್ಟು ಈಗ ಹಡಗಿನಲ್ಲಿ ಸುತ್ತು ಹಾಕಿ ಬರಬೇಕು.

ಬ್ಯಾರಿ ಊರುಗಳ ಯುವಕರಿಗೆ ಇದಕ್ಕಿಂತ ಹತ್ತಿರದ್ದು ನಾಲ್ಕನೆಯದೊಂದಿದೆ, ಬ್ಯಾಗೇಜ್. ಗಲ್ಫ್‌ನಿಂದ ಬರುವವರು ಮನೆಯವರಿಗೆ ಅಂತ ಅಬಾಯ, ನಿದಾ ಬಟ್ಟೆ ತರುವುದು ಇದ್ದದ್ದೇ. ಸ್ವಂತಕ್ಕೆ, ಉಡುಗೊರೆಗೆ ಅಂತ ನಿಯಮದ ಮಿತಿಯೊಳಗೆ ತಂದರೆ ತೊಂದರೆ ಇಲ್ಲ. ಒಂದೇ ಬಣ್ಣ, ಒಂದೇ ಅಳತೆಯ ಮೂವತ್ತು ಪೀಸು ಇದ್ದರೆ ಅದನ್ನು ಯಾವ ಅಧಿಕಾರಿಯೂ ಮನೆ ಬಳಕೆ ಅಂತ ಒಪ್ಪುವುದಿಲ್ಲ. ಅಂಗಡಿಗೆ ಬೇಕಾದ ಮಾಲನ್ನು ಆಮದುದಾರರ ಕೋಡ್ ಮಾಡಿಸಿ ಕಾರ್ಗೋದಲ್ಲಿ ತರಿಸುವುದು ಖರ್ಚಿನ ಕೆಲಸ, ನಿಜ. ಆದರೆ "ಸ್ವಲ್ಪ ಇಟ್ಟುಕೋ ಮೋನೆ, ಏರ್‌ಪೋರ್ಟ್‌ನಲ್ಲಿ ನಮ್ಮವರು ಬರ್ತಾರೆ" ಅಂತ ಪರಿಚಯದವರು ಕೊಟ್ಟ ಚೀಲವನ್ನು ಹೊತ್ತು ಬಂದ ಹುಡುಗನ ಹೆಸರೇ ಪ್ರಕರಣದಲ್ಲಿ ಬರೋದು, ಕೊಟ್ಟವನದ್ದಲ್ಲ. 1970-80ರ ದಶಕದಲ್ಲಿ ಕರಾವಳಿಯಲ್ಲಿ ಫಾರಿನ್ ಸೀರೆ, ಫಾರಿನ್ ಪ್ಯಾಂಟ್ ಪೀಸಿನ ಹುಚ್ಚಿದ್ದಾಗ ಅಂಟಿದ ಹೆಸರು ಸಮುದಾಯಕ್ಕೆ ಇನ್ನೂ ಪೂರ್ತಿ ಹೋಗಿಲ್ಲ. ಕೊಂಡವರು ಎಲ್ಲ ಜಾತಿಯವರು, ಹೆಸರು ಮಾತ್ರ ಮಾರಿದವರಿಗೆ.

ಸಂಸತ್ತಿನ ಉತ್ತರದಲ್ಲಿ ಕಾಣದ ಒಂದು ಸಂಗತಿ ಇಲ್ಲಿದೆ. ಜಪ್ತಿ ಅಂದರೆ ಕಥೆಯ ಕೊನೆಯಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 110ನೇ ಸೆಕ್ಷನ್ ಪ್ರಕಾರ ಸರಕು ಹಿಡಿದ ಆರು ತಿಂಗಳೊಳಗೆ, ಯಾಕೆ ಮುಟ್ಟುಗೋಲು ಹಾಕಬಾರದು ಅಂತ ಕಾರಣ ಕೇಳುವ ನೋಟಿಸ್ ಕೊಡಬೇಕು. ಕೊಡದಿದ್ದರೆ ಯಾರ ಕೈಯಿಂದ ಹಿಡಿದರೋ ಅವರಿಗೇ ವಾಪಸ್ ಕೊಡಬೇಕು. ಹಿರಿಯ ಅಧಿಕಾರಿ ಕಾರಣ ಬರೆದಿಟ್ಟು, ಮಾಲೀಕನಿಗೆ ಮೊದಲೇ ತಿಳಿಸಿ ಇನ್ನೂ ಆರು ತಿಂಗಳು ಮಾತ್ರ ವಿಸ್ತರಿಸಬಹುದು. ಅಷ್ಟರೊಳಗೆ ಬಾಂಡ್ ಕೊಟ್ಟು ಸರಕನ್ನು ತಾತ್ಕಾಲಿಕವಾಗಿ ಬಿಡಿಸಿಕೊಳ್ಳಲೂ ದಾರಿ ಇದೆ. ಹಾಗೆ ಬಿಡುಗಡೆಯ ಆದೇಶವಾದರೆ ಮಾತ್ರ ಆ ಆರು ತಿಂಗಳ ಗಡುವು ಅನ್ವಯಿಸದು. ಮುಟ್ಟುಗೋಲು ಆದರೂ 125ನೇ ಸೆಕ್ಷನ್‌ನಲ್ಲಿ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ. ಆದೇಶ ಒಪ್ಪದಿದ್ದರೆ 60 ದಿನದೊಳಗೆ ಮೇಲ್ಮನವಿ, ಅದರ ಮೇಲೆ ಟ್ರಿಬ್ಯುನಲ್, ಅದರ ಮೇಲೆ ಕೋರ್ಟು. ಹಳೆ ಬಟ್ಟೆಯ ಹಲವು ಪ್ರಕರಣಗಳಲ್ಲಿ ಟ್ರಿಬ್ಯುನಲ್ ದಂಡವನ್ನು ಕಡಿಮೆ ಮಾಡಿ ಮಾಲು ಬಿಡಿಸಿದ್ದೂ ಇದೆ.

ಹಾಗಾದರೆ ಉತ್ತರದ ಪಟ್ಟಿಯಲ್ಲಿ ಇಷ್ಟು ಕೋಟಿ ಮೌಲ್ಯದ ಬಟ್ಟೆ ಹಿಡಿದೆವು ಅಂತ ಬರೆದಾಗ, ಅದರಲ್ಲಿ ದಂಡ ಕಟ್ಟಿ ಬಿಡಿಸಿಕೊಂಡಿದ್ದೆಷ್ಟು? ಮೇಲ್ಮನವಿಯಲ್ಲಿ ಇಲಾಖೆ ಸೋತಿದ್ದೆಷ್ಟು? ಹರಾಜಾಗಿ ಖಜಾನೆಗೆ ಬಂದಿದ್ದೆಷ್ಟು? ಪ್ರಶ್ನೆ ಕೇಳುವವರು ಹಿಡಿದದ್ದನ್ನು ಮಾತ್ರ ಕೇಳುವುದರಿಂದ ಉತ್ತರವೂ ಅಲ್ಲಿಗೇ ನಿಲ್ಲುತ್ತದೆ. ಹಿಡಿದ ದಿನದ ಮೌಲ್ಯವನ್ನೇ ಗಳಿಕೆ ಅಂತ ಬರೆದುಕೊಂಡರೆ ಯಾವ ಅಂಗಡಿಯ ಲೆಕ್ಕಪುಸ್ತಕವೂ ಆಡಿಟ್‌ನಲ್ಲಿ ಪಾಸಾಗದು.

ವ್ಯಾಪಾರಿಗೆ ಈ ಕಾನೂನು ಸುಖ ಕೊಡುತ್ತದೆ ಅಂತಲ್ಲ. ರಮಝಾನ್‌ಗೆ ಎರಡು ತಿಂಗಳು ಮುಂಚೆ ಬಂದ ಮಾಲು ಬಂದರಿನಲ್ಲಿ ನಿಂತರೆ ಗೋದಾಮಿನ ಬಾಡಿಗೆ, ಕಂಟೇನರ್ ಬಾಡಿಗೆ ದಿನ ದಿನ ಏರುತ್ತದೆ. ಈದ್ ಮುಗಿದ ಮೇಲೆ ಬಿಡುಗಡೆಯಾದ ಅಬಾಯ ಬಟ್ಟೆಯನ್ನು ಅರ್ಧ ಬೆಲೆಗೂ ಕೇಳುವವರಿಲ್ಲ. ದೊಡ್ಡ ಆಮದುದಾರ ತಡೆದುಕೊಳ್ಳುತ್ತಾನೆ, ಚಿಕ್ಕವನು ಅಂಗಡಿ ಮುಚ್ಚುತ್ತಾನೆ. ಆದರೂ ಕಾಗದದ ಮೇಲೆ ಒಂದು ತಾರೀಕು ಇದೆ. ಆ ತಾರೀಕು ತೋರಿಸಿ ವಕೀಲ ವಾದ ಮಾಡಬಹುದು.

ಅಜ್ಜಿಯ ತಾರೀಕು ಎಲ್ಲಿ

ಎಮರಾಲ್ಡ್‌ನ ಕ್ಯಾರೆಟ್ ಹೊಲದ ಕೆಲಸ ಬಿಟ್ಟ ಹೆಂಗಸು ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿದರೆ ಅದು ಇ-ಸೇವೈ ಕೇಂದ್ರದಿಂದ ಗ್ರಾಮ ಆಡಳಿತ ಅಧಿಕಾರಿಗೆ, ಅಲ್ಲಿಂದ ಕಂದಾಯ ನಿರೀಕ್ಷಕರಿಗೆ, ಕೊನೆಗೆ ಸಾಮಾಜಿಕ ಭದ್ರತೆಯ ವಿಶೇಷ ತಹಶೀಲ್ದಾರರಿಗೆ ಹೋಗಬೇಕು. ಮಳೆಗಾಲದಲ್ಲಿ ರಸ್ತೆಯದ್ದೇ ಭರವಸೆ ಇಲ್ಲ. 2019ರ ಆಗಸ್ಟ್‌ನಲ್ಲಿ ಪಕ್ಕದ ಅವಲಾಂಚಿಯಲ್ಲಿ ಒಂದೇ ದಿನ 900 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದು ಆ ಭಾಗದ ಗುಡ್ಡಗಳೆಲ್ಲ ಕುಸಿದಿದ್ದವು. ಅರ್ಜಿ ಹಾಕಿದ ಆರು ತಿಂಗಳೊಳಗೆ ಕಾರಣ ಹೇಳದಿದ್ದರೆ ವೇತನ ತಾನಾಗಿಯೇ ಮಂಜೂರಾಯಿತು ಅಂತ ಕೇಂದ್ರದ ಯಾವ ಕಾಯ್ದೆಯೂ ಹೇಳುವುದಿಲ್ಲ. ಯಾಕೆಂದರೆ ಕಾಯ್ದೆಯೇ ಇಲ್ಲ. ಇದು ಯೋಜನೆ. ಬಟ್ಟೆಯ ಮೂಟೆಗೆ ಸಂಸತ್ತು ಪಾಸು ಮಾಡಿದ ಕಾಯ್ದೆ, ಅದರಲ್ಲಿ ಗಡುವು, ಮೇಲ್ಮನವಿ. ಮನುಷ್ಯರ ಮುಪ್ಪಿಗೆ ಮಾರ್ಗಸೂಚಿ.

ಸಂವಿಧಾನ ಇದನ್ನು ಮರೆತಿರಲಿಲ್ಲ. 41ನೇ ವಿಧಿಯಲ್ಲಿ ಮುಪ್ಪಿನಲ್ಲಿ ಸರ್ಕಾರದ ನೆರವು ಅಂತ ಹೆಸರು ಹಿಡಿದೇ ಬರೆದಿದೆ, ಆದರೆ ನಿರ್ದೇಶಕ ತತ್ವದಲ್ಲಿ. ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಆಹಾರ ಹಕ್ಕಿನ ಪ್ರಕರಣದಲ್ಲಿ ವೃದ್ಧಾಪ್ಯ ವೇತನವನ್ನು ಪ್ರತಿ ತಿಂಗಳು 7ನೇ ತಾರೀಕಿನೊಳಗೆ ಕೊಡಬೇಕು ಅಂತ ಹೇಳಿತ್ತು. 2018ರ ಡಿಸೆಂಬರ್ 13ರಂದು ಅಶ್ವಿನಿ ಕುಮಾರ್ ಪ್ರಕರಣದಲ್ಲಿ ಹಿರಿಯರ ಪಿಂಚಣಿ ಯೋಜನೆಗಳನ್ನು ಮತ್ತೆ ಪರಿಶೀಲಿಸಿ ಅಂತ ಕೇಂದ್ರಕ್ಕೆ ಸೂಚಿಸಿತು. ಅದಾಗಿಯೂ 200 ಅಲ್ಲೇ ಇದೆ.

ಕರ್ನಾಟಕದಲ್ಲಿ ಸಕಾಲ ಕಾಯ್ದೆಯ ಪಟ್ಟಿಯಲ್ಲಿ ಪಿಂಚಣಿ ಅರ್ಜಿಯೂ ಸೇರಿದೆ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ಪರಿಹಾರ. ಅಷ್ಟಾದರೂ ಇದೆ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಇರುವ ಸ್ವೀಕೃತಿ ಕೇಳಿ ಪಡೆಯಬೇಕು. "ನಾಳೆ ಬನ್ನಿ" ಅಂತ ಕಳಿಸಿದರೆ ಆ ಗಡಿಯಾರ ಶುರುವಾಗುವುದೇ ಇಲ್ಲ.

ತಮಿಳುನಾಡಿನ ಒಂದು ಒಳ್ಳೆಯ ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ವೃದ್ಧಾಪ್ಯ ವೇತನ ಪಡೆಯುವವರಿಗೆ ಪೊಂಗಲ್ ಮತ್ತು ದೀಪಾವಳಿಗೆ ಹೆಂಗಸರಿಗೆ ಸೀರೆ, ಗಂಡಸರಿಗೆ ಪಂಚೆ ಕೊಡುತ್ತಾರೆ. ಅಕ್ಕಿಯೂ ಇದೆ. ಕರ್ನಾಟಕದ ಯೋಜನೆಯಲ್ಲಿ ಹೀಗೆ ಪಿಂಚಣಿಗೂ ಬಟ್ಟೆಗೂ ನಂಟು ಹಾಕುವ ಯೋಚನೆ ಯಾರಿಗೂ ಬರಲಿಲ್ಲ. ನೀಲಗಿರಿಯ ಚಳಿಗೆ ಸೀರೆಯ ಜೊತೆ ಒಂದು ಕಂಬಳಿಯೂ ಬೇಕಿತ್ತು ಅನ್ನೋದು ಬೇರೆ ಮಾತು.

ಬೀಡಿ ಕಟ್ಟಿದ ಕೈ, ಚಿಕ್ಕ ಅಂಗಡಿ

ದಕ್ಷಿಣ ಕನ್ನಡದ ಬೀಡಿ ಕಾರ್ಮಿಕರದ್ದು ಇನ್ನೊಂದು ಕಗ್ಗಂಟು. ಪಿ.ಎಫ್. ಇದ್ದ ಬೀಡಿ ಕಾರ್ಮಿಕರಿಗೆ ನೌಕರರ ಪಿಂಚಣಿ ಯೋಜನೆಯಲ್ಲಿ 2014ರ ಸೆಪ್ಟೆಂಬರ್‌ನಿಂದ ಕನಿಷ್ಠ 1,000 ರೂಪಾಯಿ. ಅದನ್ನು 7,500 ಮಾಡಿ ಅಂತ ವರ್ಷಗಳಿಂದ ಹೋರಾಟ ನಡೆದಿದೆ, ಸಂಸತ್ತಿನಲ್ಲಿ ಪ್ರಶ್ನೆಗಳೂ ಬಂದಿವೆ, ಸರ್ಕಾರ ಒಪ್ಪಿಲ್ಲ. ಈ ಸಾವಿರ ಪಡೆದ ಕಾರಣಕ್ಕೆ ಸಂಧ್ಯಾ ಸುರಕ್ಷಾದ 1,200 ಸಿಗುವುದಿಲ್ಲ, ಬೇರೆ ಪಿಂಚಣಿ ಇದ್ದವರಿಗೆ ಅದು ಇಲ್ಲ ಎಂಬುದು ನಿಯಮ. ಮೂವತ್ತು ವರ್ಷ ಪಿ.ಎಫ್. ಕಟ್ಟಿಸಿಕೊಂಡ ಉಮ್ಮನಿಗೆ, ಏನೂ ಕಟ್ಟದ ಪಕ್ಕದ ಮನೆಯವರಿಗಿಂತ 200 ರೂಪಾಯಿ ಕಡಿಮೆ. ಇದನ್ನು ಯಾವ ಲೆಕ್ಕಶಾಸ್ತ್ರದಲ್ಲಿ ಉಳಿತಾಯ ಅನ್ನೋದು?

ವ್ಯಾಪಾರಿಗಳಿಗೆ ಪಿಂಚಣಿ ಎಲ್ಲಿ ಅಂದರೆ ಸರ್ಕಾರ 2019ರ ಸೆಪ್ಟೆಂಬರ್ 12ರಂದು ರಾಂಚಿಯಲ್ಲಿ ಶುರುವಾದ ಲಘು ವ್ಯಾಪಾರಿ ಮಾನ್‌ಧನ್ ಯೋಜನೆಯನ್ನು ತೋರಿಸುತ್ತದೆ. ವಹಿವಾಟು ಒಂದೂವರೆ ಕೋಟಿಗಿಂತ ಕಡಿಮೆ ಇರುವ, 18ರಿಂದ 40 ವಯಸ್ಸಿನ ಅಂಗಡಿಯವರು ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಬೇಕು, ಸರ್ಕಾರವೂ ಅಷ್ಟೇ ಕಟ್ಟುತ್ತದೆ, 60 ಆದ ಮೇಲೆ ತಿಂಗಳಿಗೆ 3,000. ಸುಮಾರು 3 ಕೋಟಿ ಚಿಲ್ಲರೆ ವ್ಯಾಪಾರಿಗಳಿಗೆ ಅನುಕೂಲ ಅಂತ ಆಗ ಹೇಳಿದ್ದರು. ಸೇರಿದವರು ಲಕ್ಷದ ಹತ್ತಿರವೂ ಬರಲಿಲ್ಲ. ಕಾರಣ ಹುಡುಕುವುದು ಕಷ್ಟವಲ್ಲ. ಇವತ್ತು 29 ವರ್ಷದ ಹುಡುಗನಿಗೆ 3,000 ಸಿಗುವುದು 31 ವರ್ಷದ ನಂತರ. ಬೆಲೆ ಏರಿಕೆ ವರ್ಷಕ್ಕೆ ಬರೀ 5 ಶೇಕಡಾ ಅಂತ ಹಿಡಿದರೂ ಆಗಿನ 3,000ದ ಇಂದಿನ ಬೆಲೆ 660 ರೂಪಾಯಿ ಮಾತ್ರ. ಸೂಚ್ಯಂಕಕ್ಕೆ ಜೋಡಿಸದ ಪಿಂಚಣಿ ಏನಾಗುತ್ತದೆ ಅಂತ ನೋಡಲು ಎಮರಾಲ್ಡ್‌ನ ಅಜ್ಜಿಯ 200 ಸಾಕು.

ಇದರ ಮೇಲೆ ಬಡ್ಡಿಯ ಪ್ರಶ್ನೆ. ಹಣ ಎಲ್ಲಿ ಹೂಡಿಕೆಯಾಗುತ್ತದೆ ಅಂತ ಗೊತ್ತಿಲ್ಲದೆ ಇಂಥ ಯೋಜನೆಗೆ ಸೇರಲು ಹಿಂಜರಿಯುವವರು ಸಮುದಾಯದಲ್ಲಿ ಹಲವರಿದ್ದಾರೆ. ಖತೀಬರನ್ನು ಕೇಳಿ ಆಮೇಲೆ ನೋಡೋಣ ಅಂತ ಬಿಟ್ಟವರೂ ಇದ್ದಾರೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಉಲಮಾಗಳಿಗೆ ಬಿಟ್ಟದ್ದು. ಆದರೆ ತೆರಿಗೆ ಹಣದಿಂದ ನೇರವಾಗಿ ಕೊಡುವ ವೃದ್ಧಾಪ್ಯ ವೇತನದಲ್ಲಿ ಈ ತೊಡಕೇ ಇಲ್ಲ. ಹಾಗಾಗಿ ಅದು ಎಷ್ಟಿದೆ, ಯಾರಿಗೆ ಸಿಗುತ್ತದೆ ಎಂಬುದು ಈ ಸಮುದಾಯಕ್ಕೆ ಉಳಿದವರಿಗಿಂತ ಒಂದು ಕೈ ಹೆಚ್ಚೇ ಮುಖ್ಯ. ಜಮಾಅತ್‌ಗಳು ಝಕಾತ್‌ನಿಂದ ಮನೆ ಮನೆಗೆ ಅಕ್ಕಿ ಕೊಡುತ್ತವೆ, ಒಳ್ಳೆಯದು. ಅದೇ ಪಟ್ಟಿಯಲ್ಲಿ ಯಾರಿಗೆ ಪಿಂಚಣಿ ಬಾರದೆ ನಿಂತಿದೆ ಅಂತ ಒಂದು ಕಾಲಂ ಸೇರಿಸಲು ಹೆಚ್ಚು ಖರ್ಚಾಗದು.

ಉತ್ತರ ಬದಲಾಗಬೇಕಿದ್ದರೆ ಪ್ರಶ್ನೆ ಬದಲಾಗಬೇಕು. ಹೆಚ್ಚಿಸುತ್ತೀರಾ ಎಂದು ಕೇಳಿದರೆ ಇಲ್ಲ ಅನ್ನುವುದು ಸುಲಭ. 200ರ ಬೆಲೆ 2006ಕ್ಕೆ ಹೋಲಿಸಿದರೆ ಈಗ ಎಷ್ಟು, 2.21 ಕೋಟಿಯ ಮಿತಿ ಯಾವ ಜನಗಣತಿಯ ಮೇಲೆ ನಿಂತಿದೆ, ತಾಲೂಕುವಾರು ಎಷ್ಟು ಅರ್ಜಿ ಎಷ್ಟು ತಿಂಗಳಿಂದ ಬಾಕಿ ಅಂತ ಕೇಳಿದರೆ ಸಂಖ್ಯೆಯನ್ನೇ ಕೊಡಬೇಕಾಗುತ್ತದೆ. ಮಾಹಿತಿ ಸಂಗ್ರಹಿಸುತ್ತಿದ್ದೇವೆ ಅಂದರೆ ಅದು ಸದನಕ್ಕೆ ಕೊಟ್ಟ ಭರವಸೆ ಅಂತ ದಾಖಲಾಗುತ್ತದೆ, ಮೂರು ತಿಂಗಳಲ್ಲಿ ಪೂರೈಸಬೇಕು, ಅದನ್ನು ನೋಡಿಕೊಳ್ಳಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ. ನೀಲಗಿರಿಯ ಎ. ರಾಜಾ, ದಕ್ಷಿಣ ಕನ್ನಡದ ಬ್ರಿಜೇಶ್ ಚೌಟ, ಕಾಸರಗೋಡಿನ ರಾಜಮೋಹನ್ ಉಣ್ಣಿತ್ತಾನ್, ಮೂವರೂ ಬೇರೆ ಬೇರೆ ಪಕ್ಷದವರು. ಪ್ರಶ್ನೆಯ ಕಾಗದಕ್ಕೆ ಪಕ್ಷ ಇಲ್ಲ.

ಸದನದವರೆಗೆ ಹೋಗಲಾಗದ ಅರ್ಜಿದಾರರಿಗೆ ಸದ್ಯಕ್ಕೆ ದೇಶದ ಎಲ್ಲ ಕಡೆ ಇರುವ ಕಾಯ್ದೆಬದ್ಧ ಗಡುವು ಒಂದೇ, ಅದೂ ಪಿಂಚಣಿಯದ್ದಲ್ಲ, ಮಾಹಿತಿ ಹಕ್ಕಿನದ್ದು. "ಇಂಥ ತಾರೀಕಿನಂದು ಕೊಟ್ಟ ನನ್ನ ಅರ್ಜಿ ಈಗ ಯಾವ ಅಧಿಕಾರಿಯ ಮೇಜಿನಲ್ಲಿದೆ, ಎಷ್ಟು ದಿನದಿಂದ ಇದೆ" ಅಂತ ಎರಡು ಸಾಲು ಬರೆದು ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೊಟ್ಟರೆ 30 ದಿನದಲ್ಲಿ ಉತ್ತರಿಸಬೇಕು. ಬಿ.ಪಿ.ಎಲ್. ಕಾರ್ಡ್ ಪ್ರತಿ ಲಗತ್ತಿಸಿದರೆ ಶುಲ್ಕ ಇಲ್ಲ. ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250ರಂತೆ 25,000ದವರೆಗೆ ದಂಡ ಬೀಳಬಹುದು, ಅದು ಅವರ ಸ್ವಂತ ಜೇಬಿನಿಂದ. ಒಂದು ದಿನದ ದಂಡವೇ ಕೇಂದ್ರ ಸರ್ಕಾರ ಅಜ್ಜಿಗೆ ಕೊಡುವ ಒಂದು ತಿಂಗಳ ಪಾಲಿಗಿಂತ 50 ರೂಪಾಯಿ ಹೆಚ್ಚು.